ದುಂಡನ ಪಾಲು

ನಮ್ಮೂರಿನಲ್ಲಿ ಮಗುವಿನ ಮುಖ ಅಪ್ಪನದಿರಬಹುದು, ಮೂಗು ಸೋದರಮಾವನದಿರಬಹುದು, ಹಟ ಅಜ್ಜಿಯದಿರಬಹುದು. ಮೈಯ ಮಾಂಸ ಮಾತ್ರ ಹಂದಿಯದು. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ, ನನ್ನ ಗಂಟೇನು ಹೋಗಬೇಕು. ಬಸುರಿ ಸೊಸೆಗೆ ಐದು ತಿಂಗಳು ತುಂಬಿ ಆರಕ್ಕೆ ಬಿದ್ದಾಗ ಆ ಮನೆಯ ಹೆಣ್ಣು ಹಂದಿಯನ್ನು ಗಂಡಿಗೆ ಬಿಡುತ್ತಾರೆ. ಸೊಸೆ ಹೆರುವ ದಿನವೇ ಹಂದಿಯೂ ಈಯುತ್ತದೆ, ಒಂದು ದಿನ ಹಿಂದೆಮುಂದೆ ಆದದ್ದನ್ನು ನಾನಂತೂ ಕಂಡಿಲ್ಲ. ಮೊದಲು ಹೊರಬಿದ್ದ ಮರಿಯ ಕತ್ತಿಗೆ ಅರಿಶಿನದ ದಾರ ಕಟ್ಟುತ್ತೇವೆ. ಅದು ಆ ಮಗುವಿನ ಜೊತೆಮರಿ. ಅದರ ತೊಡೆ ಹೇಗೋ ಮಗುವಿನ ತೊಡೆ ಹಾಗೆ, ಅದರ ಬೆನ್ನು ಹೇಗೋ ಇದರ ಬೆನ್ನು ಹಾಗೆ. ಒಂದು ವರ್ಷ ಸಾಕಿ, ಮಗುವಿನ ವರ್ಷದೂಟಕ್ಕೆ ಅದನ್ನೇ ಕುಯ್ದು ಊರಿಗೆಲ್ಲ ಬಡಿಸುತ್ತೇವೆ.

ಆ ಗಂಡು ಹಂದಿ ಕೊಡುವವಳು ನಾನು. ಜವರಮ್ಮ. ಹಿಂದಿನಿಂದ ಹಂದಿ ಜವರಮ್ಮ ಎನ್ನುತ್ತಾರೆ, ಎದುರಿಗೆ ಎಲ್ಲರಿಗೂ ಅಕ್ಕ. ನಲವತ್ತು ವರ್ಷದಿಂದ ಈ ಊರಿನ ಪ್ರತಿ ಮಗುವಿನ ಮೈಕಟ್ಟು ನನ್ನ ದೊಡ್ಡಿಯಿಂದಲೇ ಹೋಗಿದೆ. ಬಸುರಿಯರ ಅತ್ತೆಯಂದಿರು ಎಲೆಯಡಿಕೆ ಹಿಡಿದುಕೊಂಡು ಬಂದು ನನ್ನ ಜಗುಲಿಯ ಮೇಲೆ ಕುಕ್ಕರಿಸುತ್ತಾರೆ. ನಮ್ಮ ಕಡೆಯವರೆಲ್ಲ ಕುಳ್ಳು, ಉದ್ದ ಕಾಲಿನದು ನೋಡಿ ಕೊಡು ಎನ್ನುತ್ತಾಳೆ ಒಬ್ಬಳು. ನಮ್ಮ ಬೀಗರ ಮನೆಯಲ್ಲಿ ಬರೀ ಬೊಜ್ಜು, ಕೊಬ್ಬು ಕಡಿಮೆ ಇರೋದು ಕೊಡು ಎನ್ನುತ್ತಾಳೆ ಇನ್ನೊಬ್ಬಳು. ಬುದ್ಧಿ ಇರೋದು ಕೊಡು ಎಂದಳು ಒಬ್ಬಳು, ಅವಳಿಗೆ ಸರಿಯಾಗಿ ಬೈದು ಕಳಿಸಿದೆ. ಬುದ್ಧಿಗೆ ಹಂದಿ ಹತ್ತಿರ ಬರುತ್ತೀಯಲ್ಲ, ನಿನ್ನ ಮಗ ಏನು ಮಾಡುತ್ತಿದ್ದಾನೆ ಎಂದು ಕೇಳಿದೆ. ನನ್ನ ಬಾಯಿ ದೊಡ್ಡದು. ಈ ಬೀದಿಯಲ್ಲಿ ಮಾತಾಡಿದರೆ ಆ ಬೀದಿಯಲ್ಲಿ ಕೇಳಿಸುತ್ತದೆ. ಹಂದಿಗಳ ನಡುವೆ ಬದುಕಿದವಳು ಪಿಸುಗುಟ್ಟಿಕೊಂಡು ಕೂತರೆ ಆಗುತ್ತದೆಯೇ?

ಈ ಕೆಲಸಕ್ಕೆ ಎರಡು ಕಟ್ಟುಪಾಡು ಇವೆ. ಯಾವ ಮನೆಗೆ ಯಾವ ಗಂಡು ಹೋಯಿತು ಎಂದು ನಾನು ಯಾರಿಗೂ ಹೇಳಬಾರದು. ಹೇಳಿದರೆ ನಿನ್ನ ಮಗ ನನ್ನ ಮಗ ಎಂದು ಜಗಳ ಹತ್ತುತ್ತದೆ. ಇನ್ನೊಂದು, ಗಂಡು ಕೊಟ್ಟವಳು ಹಸಿ ಮಾಂಸ ನೋಡಬಾರದು. ನೋಡಿದರೆ ತನ್ನ ಹಂದಿಯನ್ನು ತಾನೇ ಹೊಗಳಿಕೊಂಡು ಮಗುವಿಗೆ ದೃಷ್ಟಿ ಮಾಡುತ್ತಾಳೆ ಎಂದು. ಕುಯ್ಯುವವನು ಬೋರಯ್ಯ. ಯಾವ ಗಂಡಿನದು ಎಂದು ಅವನು ಕೇಳುವಂತಿಲ್ಲ, ಮಾಂಸ ಹೇಗಿತ್ತು ಎಂದು ನಾನು ಕೇಳುವಂತಿಲ್ಲ. ನನ್ನ ಪಾಲಿನ ಸಾರು ಬಟ್ಟಲಲ್ಲಿ ಮನೆಗೆ ಬರುತ್ತದೆ, ತಿಂದು ಬಟ್ಟಲು ತೊಳೆದು ಕಳಿಸುತ್ತೇನೆ. ನಲವತ್ತು ವರ್ಷ ಹಂದಿ ಸಾಕಿದವಳು ಒಂದು ದಿನವೂ ಅದರ ಒಳಗು ಕಂಡವಳಲ್ಲ. ಇದು ಎಂಥ ಹುಚ್ಚು ಪದ್ಧತಿ ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಈಗ ಅನ್ನಿಸುತ್ತದೆ.

ಇವೆರಡರ ಜೊತೆಗೆ ನನ್ನ ಅತ್ತೆ ಸಾಯುವಾಗ ಇನ್ನೊಂದು ಮಾತು ಹೇಳಿದ್ದಳು. ಅಪ್ಪನನ್ನು ಮಗಳಿಗೆ ಬಿಡಬೇಡ, ಎಷ್ಟೇ ಚೆಂದದ ಗಂಡಾದರೂ ಬೇಡ ಎಂದಿದ್ದಳು. ಯಾಕೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹತ್ತು ವರ್ಷದ ಹಿಂದೆ ದುಂಡ ಬಂದ. ಹೊಳೆಯಾಚೆಯಿಂದ ಬಂದ ಹಂದಿ ವ್ಯಾಪಾರದವನ ಗಾಡಿಯಲ್ಲಿ ಅವನನ್ನು ನೋಡಿದಾಗಲೇ ನನ್ನ ಕಣ್ಣು ಅಲ್ಲೇ ನಿಂತುಬಿಟ್ಟಿತು. ಹಿಂದಿನ ತೊಡೆ ಎರಡು ಕೊಡದಷ್ಟು ದಪ್ಪ, ಬೆನ್ನಿನ ನಡುವೆ ನೀರು ನಿಲ್ಲುವಂಥ ಗುಳಿ, ಹೊಟ್ಟೆಯಲ್ಲಿ ಬೆರಳಗಲ ಕೊಬ್ಬಿಲ್ಲ. ನಡೆದರೆ ಚರ್ಮದ ಕೆಳಗೆ ಮಾಂಸಖಂಡ ಓಡಾಡುವುದು ಕಾಣುತ್ತಿತ್ತು. ಅವನನ್ನು ಮನೆಗೆ ತಂದ ಮೇಲೆ ಊರಿನ ಮಕ್ಕಳ ರೂಪವೇ ಬದಲಾಯಿತು. ದುಂಡನ ಮಕ್ಕಳು ಎಂಟು ತಿಂಗಳಿಗೇ ಎದ್ದು ನಿಲ್ಲುತ್ತಿದ್ದವು, ಮೂರು ವರ್ಷಕ್ಕೆ ತುಂಬಿದ ಕೊಡ ಎತ್ತುತ್ತಿದ್ದವು. ಅವುಗಳ ಮೀನಖಂಡ ನೋಡಿ ಪಕ್ಕದೂರಿನವರು ಬಾಯಿ ಬಿಡುತ್ತಿದ್ದರು. ನಾನು ಯಾರಿಗೂ ಏನೂ ಹೇಳಲಿಲ್ಲ, ಆದರೆ ಬೀದಿಯಲ್ಲಿ ಎದೆಯುಬ್ಬಿಸಿಕೊಂಡು ನಡೆಯುವುದನ್ನು ಯಾವ ಕಟ್ಟುಪಾಡೂ ಬೇಡ ಎಂದಿರಲಿಲ್ಲವಲ್ಲ.

ನನ್ನ ಮಗ ಚಿಕ್ಕಲಿಂಗ ಹೊಟ್ಟೆಯಲ್ಲಿದ್ದಾಗ ದೊಡ್ಡಿಯಲ್ಲಿ ಗಟ್ಟಿ ಗಂಡು ಇರಲಿಲ್ಲ. ಇದ್ದದ್ದೊಂದು ಬಡಕಲು, ಅದನ್ನೇ ಬಿಟ್ಟೆವು. ಹುಡುಗ ಕಡ್ಡಿಯಾದ. ಊರೆಲ್ಲ ಅವನನ್ನು ಕಡ್ಡಿಲಿಂಗ ಎಂದು ಕರೆಯಿತು, ಮದುವೆಯ ಹಸೆಯ ಮೇಲೂ ಬಿಡಲಿಲ್ಲ. ಹಂದಿಯಮ್ಮನ ಮಗನ ಗತಿ ನೋಡ್ರೋ ಎಂದು ನಕ್ಕರು. ಅವನೂ ನಗುತ್ತಿದ್ದ, ನನಗೆ ಹೊಟ್ಟೆ ಉರಿಯುತ್ತಿತ್ತು. ಅವನ ಹೆಂಡತಿ ದೇವೀರಿ ಬಸುರಿಯಾದಾಗ, ಈ ಸಲ ನೋಡಿಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿದೆ. ಮನೆಯಲ್ಲಿ ಇದ್ದ ಹೆಣ್ಣು ಹಂದಿ ದುಂಡನದೇ ಮಗಳು. ಅಪ್ಪನಂತೆಯೇ ತುಂಬಿದ ಮೈ. ದುಂಡನಿಂದ ಒಂದು ಪಾಲು ಬಂದರೆ ಇಷ್ಟು ಗಟ್ಟಿ, ಎರಡು ಪಾಲು ಬಂದರೆ ಎಷ್ಟಿರಬೇಡ ಎಂದು ಲೆಕ್ಕ ಹಾಕಿದೆ. ಅತ್ತೆಯ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳಾದೀತು. ನೆನಪಾಯಿತು, ಪಕ್ಕಕ್ಕಿಟ್ಟೆ. ದೊಡ್ಡಿಯ ಬಾಗಿಲು ಹಾಕಿಕೊಂಡು ದುಂಡನನ್ನು ಅವನ ಮಗಳಿಗೇ ಬಿಟ್ಟೆ. ಯಾರಿಗೂ ಹೇಳಬಾರದೆಂಬ ಕಟ್ಟುಪಾಡು ಇತ್ತಲ್ಲ, ಅದರ ಮರೆಯಲ್ಲೇ ಇದನ್ನು ಬಚ್ಚಿಟ್ಟೆ.

ಹುಟ್ಟಿದ್ದು ಹೆಣ್ಣು, ಚೆಲುವಿ. ಎಂಥ ಕೂಸು ಅಂತೀರಿ. ತೋಳು ತೊಡೆ ಒಂದೊಂದೂ ಬಿಗಿದು ಕಟ್ಟಿದ ಹಾಗೆ. ನಾಮಕರಣದ ದಿನ ಅವಳನ್ನು ಎತ್ತಿ ಹಿಡಿದು, ನೋಡ್ರೋ ಕಡ್ಡಿಲಿಂಗನ ಮಗಳನ್ನ ಎಂದು ಇಡೀ ಚಪ್ಪರಕ್ಕೆ ಕೇಳುವಂತೆ ಕೂಗಿದೆ. ಮಗು ಬೆಚ್ಚಿಬಿದ್ದಿತು, ದೇವೀರಿ ಕಿತ್ತುಕೊಂಡು ಒಳಗೆ ಹೋದಳು. ಆ ಹೊತ್ತಿಗೆ ನನಗೆ ಅದು ಸೊಸೆಯ ದುರಹಂಕಾರವಾಗಿಯೇ ಕಂಡಿತು.

ವರ್ಷದೂಟದ ದಿನ ನನ್ನ ಪಾಲು ಬಟ್ಟಲಲ್ಲಿ ಬಂತು. ಬಾಯಿಗಿಟ್ಟರೆ ಒಣಗಿದ ನಾರು. ಅಗಿದು ಅಗಿದು ದವಡೆ ನೋಯಿತು, ರಸ ಎಂಬುದಿಲ್ಲ. ನನ್ನ ದುಂಡನ ಮಾಂಸ ಹೀಗಿರಲು ಸಾಧ್ಯವೇ ಇಲ್ಲ, ಇದು ಅಡುಗೆ ಮಾಡಿದವಳ ಕೈಗುಣ ಎಂದು ಸೊಸೆಯನ್ನು ಬೀಗರ ಮುಂದೆಯೇ ಜಾಡಿಸಿದೆ. ಬೇಯಿಸಲು ಬರದವಳು, ನೀರೆಷ್ಟು ಇಡಬೇಕೆಂದು ಗೊತ್ತಿಲ್ಲದವಳು, ತವರಿನಲ್ಲಿ ಏನು ಕಲಿತೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ತಿಂಗಳೊಳಗೆ ಗಂಡನನ್ನು ಕಟ್ಟಿಕೊಂಡು ನಾಲ್ಕು ಬೀದಿ ಆಚೆ ಬೇರೆ ಮನೆ ಮಾಡಿದಳು.

ಅಲ್ಲಿಂದ ಐದು ವರ್ಷ ನನಗೆ ಮೊಮ್ಮಗಳ ಮುಖ ಸರಿಯಾಗಿ ತೋರಿಸಿದವಳಲ್ಲ. ಹೋದರೆ ಮಗು ಮಲಗಿದೆ ಎನ್ನುತ್ತಿದ್ದಳು. ಬೀದಿಯಲ್ಲಿ ನಿಂತು ಚೆಲುವೀ ಎಂದು ಕೂಗಿದರೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಆ ಮನೆಯಲ್ಲಿ ಪಾತ್ರೆ ಬೀಳುವ ಸದ್ದಿಲ್ಲ, ಬೈಗುಳವಿಲ್ಲ, ನಾಯಿ ಕೂಡ ಸಾಕಲಿಲ್ಲ. ಮಗುವನ್ನು ಓಡಲು ಬಿಡುತ್ತಿರಲಿಲ್ಲ, ಬಿಸಿಲಿಗೆ ಬಿಡುತ್ತಿರಲಿಲ್ಲ. ಅಂಥ ತೊಡೆ ತೋಳಿನ ಹುಡುಗಿಯನ್ನು ಗೊಂಬೆ ಮಾಡಿ ಕೂರಿಸಿದ್ದಾಳೆ, ಮುದ್ದು ಮಾಡಿ ಹಾಳು ಮಾಡುತ್ತಿದ್ದಾಳೆ ಎಂದು ಸಿಕ್ಕವರ ಮುಂದೆಲ್ಲ ಹೇಳಿಕೊಂಡು ತಿರುಗಿದೆ. ನನಗೆ ನೋವಾಗಿತ್ತು. ಅದನ್ನು ನೋವು ಎಂದು ಹೇಳಲು ಬಾರದೆ ಬೈಗುಳ ಮಾಡಿಕೊಂಡಿದ್ದೆ.

ಆರು ತುಂಬಿದರೂ ಮಗುವಿನ ಕಿವಿ ಚುಚ್ಚಿಸಿರಲಿಲ್ಲ. ಇದೊಂದು ನೆಪ ಸಿಕ್ಕಿತು. ಕಿವಿ ಚುಚ್ಚದ ಹುಡುಗಿ ಪಂಕ್ತಿಯಲ್ಲಿ ಕೂರುವಂತಿಲ್ಲ ಎಂದು ಊರ ಯಜಮಾನರ ಮುಂದೆ ದೂರು ಹಾಕಿದೆ. ಅವರು ಚಿಕ್ಕಲಿಂಗನನ್ನು ಕರೆಸಿ ದಿನ ಗೊತ್ತು ಮಾಡಿದರು. ದೇವೀರಿ ಮನೆಯೊಳಗೇ ಮಾಡುತ್ತೇನೆ ಎಂದಳಂತೆ. ಎಲ್ಲಾದರೂ ಉಂಟೇ, ಊರ ಚಾವಡಿಯಲ್ಲೇ ಆಗಬೇಕು ಎಂದು ಪಟ್ಟು ಹಿಡಿದೆ. ನಮ್ಮಲ್ಲಿ ಆಚಾರಿ ಸೂಜಿ ಚುಚ್ಚುವ ಗಳಿಗೆಗೆ ಮಗುವಿನ ಕಿವಿಯ ಹತ್ತಿರವೇ ತಮಟೆ ಬಡಿಯುತ್ತಾರೆ, ಮಗು ಅತ್ತದ್ದು ಯಾರಿಗೂ ಕೇಳಿಸಬಾರದೆಂದು. ತಮಟೆಯವರಿಗೆ ನಾನೇ ಎಲೆಯಡಿಕೆ ಕೊಟ್ಟು ಬಂದೆ. ಚೆನ್ನಾಗಿ ಕಾಯಿಸಿ ಬಡಿಯಿರಿ, ನನ್ನ ಮೊಮ್ಮಗಳದು ಎಂದು ಊರಿಗೆಲ್ಲ ಗೊತ್ತಾಗಬೇಕು ಎಂದೆ.

ಆ ದಿನ ಬೆಳಿಗ್ಗೆ ಹೊಸ ಸೀರೆಯುಟ್ಟು ಹೊರಟವಳು ದೊಡ್ಡಿಗೆ ಹೋದೆ. ಊಟಕ್ಕೆ ಒಂದು ಹಂದಿ ಕೊಡುತ್ತೇನೆಂದು ಒಪ್ಪಿಕೊಂಡಿದ್ದೆ, ಒಯ್ಯಲು ಬೋರಯ್ಯ ಗಾಡಿ ತಂದಿದ್ದ. ಕೊಡಬೇಕೆಂದಿದ್ದದ್ದು ಒಂದು ವರ್ಷದ ಹೆಣ್ಣು. ದುಂಡ ಮುಪ್ಪಾಗಿ ಸಾಯುವ ಮುಂಚೆ ಅವನ ಇನ್ನೊಬ್ಬ ಮಗಳಿಗೆ ಬಿಟ್ಟು ಪಡೆದದ್ದು. ಹೌದು, ಚೆಲುವಿಯ ಮೈ ನೋಡಿದ ಮೇಲೆ ನನಗೆ ಧೈರ್ಯ ಬಂದಿತ್ತು, ಬೇರೆ ಮನೆಗಳಿಗೂ ಅಪ್ಪನನ್ನೇ ಮಗಳಿಗೆ ಬಿಡುವುದು ಅಭ್ಯಾಸವಾಗಿಹೋಗಿತ್ತು. ಆ ಹಂದಿ ಗಾಡಿ ಹತ್ತಲಿಲ್ಲ. ಹೊತ್ತಾಗುತ್ತಿದೆ ಎಂಬ ಸಿಟ್ಟಿಗೆ ಕೋಲು ತೆಗೆದುಕೊಂಡು ಒಂದು ಬಿಟ್ಟು, ಎದೆಯೊಡೆಯುವಂತೆ ಗದರಿದೆ.

ಅದು ನಿಂತಲ್ಲೇ ನಡುಗಲು ಶುರು ಮಾಡಿತು. ಬಾಲದ ಹತ್ತಿರದ ಮಾಂಸ ಪಟಪಟ ಅದುರಿತು. ನಾಲ್ಕೂ ಕಾಲು ಮರದ ಗೂಟದಂತೆ ಸೆಟೆದುಕೊಂಡವು. ಬಿಳಿ ಚರ್ಮದ ಮೇಲೆ ಕೆಂಪು ಕೆಂಪು ತೇಪೆ ಎದ್ದವು. ಬಾಯಿ ತೆರೆದು ಏದುಸಿರು ಬಿಡುತ್ತ ಪಕ್ಕಕ್ಕೆ ಉರುಳಿತು. ನಾನು ಮುಟ್ಟಿ ನೋಡಿದೆ, ಕಾದ ಕಾವಲಿ. ಎರಡು ಎಲೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಪ್ರಾಣ ಹೋಯಿತು. ಸತ್ತ ಮರುಗಳಿಗೆಯೇ ಮೈ ಮರಗಟ್ಟಿತು. ನಲವತ್ತು ವರ್ಷದಲ್ಲಿ ನಾನು ಎಷ್ಟೋ ಹಂದಿಗೆ ಹೊಡೆದಿದ್ದೇನೆ, ಗದರಿದ್ದೇನೆ. ಗದರಿದ್ದಕ್ಕೆ ಸತ್ತ ಹಂದಿಯನ್ನು ನೋಡಿದ್ದು ಇದೇ ಮೊದಲು. ಕೈಯಲ್ಲಿದ್ದ ಕೋಲು ಹಾಗೇ ಇತ್ತು.

ಬೋರಯ್ಯ ತಡಮಾಡದೆ ಕತ್ತಿ ಹಾಕಿದ. ನಾನು ತಿರುಗಿ ಹೋಗಬೇಕಿತ್ತು, ಕಟ್ಟುಪಾಡು ಹಾಗಿತ್ತು. ಕಾಲು ಬರಲಿಲ್ಲ. ಅವನು ತೊಡೆ ಸೀಳಿದ. ಮಾಂಸ ಕೆಂಪಗಿರುತ್ತದೆ ಎಂದುಕೊಂಡಿದ್ದೆ. ಅದು ಬಿಳಿಚಿಕೊಂಡಿತ್ತು, ಬೇಯಿಸಿ ಇಟ್ಟಂತೆ. ಬೋರಯ್ಯ ಬೆರಳಿಟ್ಟರೆ ಬೆರಳು ಒಳಗೆ ಹೋಯಿತು. ಸೀಳಿದ ಕಡೆಯಿಂದ ನೀರು ತೊಟ್ಟಿಕ್ಕಿ ಮಣೆಯ ಮೇಲೆ ಹರಿಯಿತು. ಹೊರಗಿನಿಂದ ಅಷ್ಟು ಬಿಗಿಯಾಗಿದ್ದ ತೊಡೆಯ ಒಳಗೆ ಇದೇ ಇದ್ದದ್ದು. ಬೋರಯ್ಯನಿಗೆ ಮಾತ್ರ ಆಶ್ಚರ್ಯವೇನೂ ಆಗಲಿಲ್ಲ.

"ಇದೂ ನೀರು ಮಾಂಸನೇ ಕಣಕ್ಕ. ಬೇಯಿಸಿದ್ರೆ ಸುರುಟ್ಕೊಂಡು ನಾರಾಗೋಯ್ತದೆ," ಎಂದ.

ಇದೂ ಎಂದರೇನು ಎಂದು ಕೇಳಿದೆ. ನಾನು ಹಸಿ ಮಾಂಸದ ಬಗ್ಗೆ ಕೇಳಿದ್ದು ನೋಡಿ ಅವನು ಸ್ವಲ್ಪ ಹಿಂದೆಮುಂದೆ ನೋಡಿದ. ಆಮೇಲೆ, ಹೆಂಗೂ ಕಣ್ಣಾರೆ ನೋಡಿಬಿಟ್ಟಿದ್ದೀಯಲ್ಲ ಎಂದು ಬಾಯಿಬಿಟ್ಟ. ಇಂಥದ್ದು ಮೂರು ಕುಯ್ದಿದ್ದಾನಂತೆ. ಬಿಸಿಲಿಗೆ ಹೀಗಾಗಿರಬೇಕು, ಮೇವು ಹೆಚ್ಚುಕಡಿಮೆ ಆಗಿರಬೇಕು ಎಂದುಕೊಂಡು ಸುಮ್ಮನಿದ್ದನಂತೆ. ಮೂರೂ ಜೊತೆಮರಿಗಳು. ಮೂರೂ ಕತ್ತಿ ಮುಟ್ಟುವ ಮೊದಲೇ ಹೀಗೆ ನಡುಗಿ ಬಿದ್ದವಂತೆ. ಮೊದಲನೆಯದು ಯಾರದು ಎಂದೆ. ಅವನು ಕತ್ತಿ ಒರೆಸಿಕೊಂಡ.

"ನಿನ್ ಮೊಮ್ಮಗೀದು. ತಮಟೆ ಸದ್ದು ಬಿದ್ದಿದ್ದೇ ತಡ, ಉಳ್ಳಾಡ್ಬುಡ್ತು."

ಆಗ ನನಗೆ ಎಲ್ಲವೂ ಒಂದೇ ಏಟಿಗೆ ಹೊಳೆಯಿತು. ದುಂಡ ಹೆದರುವ ಹಂದಿಯಲ್ಲ. ಅವನ ಮಗಳೂ ಅಲ್ಲ. ಅಪ್ಪನಲ್ಲಿ ಈ ಕೇಡಿನ ಅರ್ಧ ಅಡಗಿತ್ತು, ಮಗಳಲ್ಲಿ ಅರ್ಧ ಅಡಗಿತ್ತು. ಅರ್ಧ ಇದ್ದಾಗ ಅದು ಬರೀ ತೊಡೆ ತೋಳಾಗಿ ಕಾಣುತ್ತಿತ್ತು, ನಾವು ಹಿಗ್ಗುತ್ತಿದ್ದೆವು. ಎರಡು ಅರ್ಧವೂ ಒಂದೇ ಮರಿಯಲ್ಲಿ ಕೂಡಿಕೊಂಡಾಗ ಅದು ಸಾವು. ಎಲ್ಲ ಮರಿಗೂ ಬರುವುದಿಲ್ಲ, ನಾಲ್ಕರಲ್ಲಿ ಒಂದಕ್ಕೋ ಏನೋ. ಯಾವ ಮರಿಗೆ ಎರಡು ಪಾಲು ಹೋಗಿರಬಹುದೆಂದು ನನಗೆ ಗೊತ್ತಿತ್ತು, ಯಾವ ಮರಿ ನೀರಾಯಿತೆಂದು ಬೋರಯ್ಯನಿಗೆ ಗೊತ್ತಿತ್ತು. ಐದು ವರ್ಷ ನಾವಿಬ್ಬರೂ ಒಂದೇ ಬೀದಿಯಲ್ಲಿ ಎದುರುಬದುರು ಓಡಾಡಿದೆವು. ಕಟ್ಟುಪಾಡು ಮೀರಬಾರದೆಂದು ಬಾಯಿ ಮುಚ್ಚಿಕೊಂಡಿದ್ದೆವು.

ಆ ಜೊತೆಮರಿಯ ಮೈಯೇ ಚೆಲುವಿಯ ಮೈ. ಚಾವಡಿಯ ಕಡೆಯಿಂದ ತಮಟೆ ಕೇಳಿಸಿತು.

ಓಡಿದೆ. ಅರವತ್ತೆರಡು ವರ್ಷದವಳು, ಹೊಸ ಸೀರೆ ಎತ್ತಿ ಕಟ್ಟಿಕೊಂಡು ನಾಲ್ಕು ಬೀದಿ ಓಡಿದೆ. ದಾರಿಯಲ್ಲಿ ಯಾರೋ ಏನಾಯಿತಕ್ಕ ಎಂದು ಕೇಳಿದರು. ಹಂದಿಯ ಸೆಟೆದ ಕಾಲುಗಳೇ ಕಣ್ಣ ಮುಂದಿದ್ದವು. ಈಗ ಬಡಿಯುತ್ತಿರುವುದು ಬರೀ ಮೆರವಣಿಗೆಯ ತಮಟೆ, ದೂರದ್ದು. ಸೂಜಿಯ ಗಳಿಗೆಯದು ಬೇರೆ. ಅದು ಕಿವಿಯ ಪಕ್ಕದಲ್ಲೇ, ಏಳು ಜನ ಒಟ್ಟಿಗೆ, ನಾನೇ ಹೇಳಿ ಮಾಡಿಸಿದ್ದು.

ಚಾವಡಿಯ ಬಾಗಿಲಿಗೆ ಬಂದಾಗ ಜನ ಕಿಕ್ಕಿರಿದಿದ್ದರು. ನಡುವೆ ಚೆಲುವಿ ಸೋದರಮಾವನ ತೊಡೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ದೇವೀರಿ, ಸುಣ್ಣದಂಥ ಮುಖ. ತಮಟೆಯವರು ಮಗುವಿನ ಹಿಂದೆ ಅರ್ಧ ಸುತ್ತು ನಿಂತು ಕೋಲು ಎತ್ತಿಕೊಂಡಿದ್ದರು. ಆಚಾರಿ ಎಡಗೈಯಲ್ಲಿ ಕಿವಿ ಹಿಡಿದು ಸೂಜಿ ಹತ್ತಿರ ತರುತ್ತಿದ್ದ. ನಾನು ಬಾಯಿ ತೆರೆದೆ. ನಿಲ್ಸ್ರೋ ಎಂದು ಒಂದು ಸಲ ಕೂಗಿದರೆ ಸಾಕಿತ್ತು, ಇಡೀ ಊರು ನಿಲ್ಲುತ್ತಿತ್ತು. ಬದುಕಿನಲ್ಲಿ ನಾನು ಏನನ್ನಾದರೂ ನಿಲ್ಲಿಸಿದ್ದು ಹಾಗೆಯೇ. ಗಂಟಲವರೆಗೂ ಬಂತು. ಬೆಳಿಗ್ಗೆ ಆ ಹಂದಿಯನ್ನು ಕೊಂದದ್ದು ಕೋಲಲ್ಲ, ಈ ಗಂಟಲು.

ಕೈಯಿಂದ ಬಾಯಿ ಮುಚ್ಚಿಕೊಂಡೆ. ಜನರ ನಡುವೆ ನುಗ್ಗಿದೆ. ಯಾರ ಕಾಲು ತುಳಿದೆನೋ, ಯಾರ ಸೆರಗು ಎಳೆದೆನೋ. ಆಚಾರಿಯ ಸೂಜಿ ಕಿವಿಯ ಹಾಲೆಗೆ ತಾಗುವಾಗ ಅದರ ಮೊನೆಯನ್ನು ನನ್ನ ಅಂಗೈಯಿಂದ ಮುಚ್ಚಿ ಹಿಡಿದೆ, ಅದು ನನ್ನ ಅಂಗೈಗೇ ಇಳಿಯಿತು. ಸದ್ದು ಮಾಡಲಿಲ್ಲ. ಇನ್ನೊಂದು ಕೈಯನ್ನು ತಮಟೆಯವರ ಕಡೆ ಎತ್ತಿ ಬೇಡ, ಬೇಡ ಎಂದು ಆಡಿಸಿದೆ. ನನ್ನ ಮುಖ ಹೇಗಿತ್ತೋ ಏನೋ, ಎತ್ತಿದ ಕೋಲುಗಳು ಎತ್ತಿದಂತೆಯೇ ಉಳಿದವು. ಹಂದಿ ಜವರಮ್ಮ ಬಾಯಿ ಮುಚ್ಚಿಕೊಂಡು ನಿಂತದ್ದನ್ನು ನೋಡಿಯೇ ಜನ ದಂಗಾಗಿದ್ದರು.

ದೇವೀರಿಯ ಕಿವಿಗೆ ಬಾಯಿಟ್ಟು, ಮಗೂಗೆ ಬೆಚ್ಚಿಬೀಳುವಂಥದ್ದು ಏನೂ ಆಗಬಾರದು ಎಂದೆ. ಪಿಸುಮಾತು ನನಗೆ ಬರುವುದಿಲ್ಲ, ಮುರಿದು ಮುರಿದು ಬಂತು. ಅವಳು ನನ್ನನ್ನು ನೋಡಿದಳು, ವರ್ಷದೂಟದ ದಿನ ನೋಡಿದ ಹಾಗೆಯೇ.

"ಗೊತ್ತು ಅತ್ತೆ," ಎಂದಳು ಅಷ್ಟೇ ಮೆಲ್ಲಗೆ. "ನಾಮಕರಣದ ದಿನ ನೀವು ಕೂಗ್ದಾಗ ದವಡೆ ಕಚ್ಕೊಂಡು ಮೈಯೆಲ್ಲ ಕಾದೋಗಿತ್ತು. ಒಳಗೆ ಎತ್ಕೊಂಡೋಗಿ ತಣ್ಣೀರು ಬಟ್ಟೆ ಸುತ್ತಿ ಉಳಿಸ್ಕಂಡೆ. ವರ್ಷದೂಟದ ದಿನ ಅದರ ಹಂದಿ ಸತ್ತಿದ್ದು ನೋಡ್ದೆ. ಅವತ್ತಿಂದ ಈ ಮಗೀನ ನಿಮ್ಮಿಂದ ಕಾಪಾಡ್ಕೊಂಡು ಬಂದಿವ್ನಿ."

ನಿಮ್ಮಿಂದ ಎಂದಳು. ಇವತ್ತು ಕಿವಿಯಲ್ಲಿ ಹತ್ತಿ ತುರುಕಿ ಕೂರಿಸಿದ್ದಳಂತೆ, ತಮಟೆಯವರ ಕಾಲಿಗೂ ಬಿದ್ದಿದ್ದಳಂತೆ. ಜವರಕ್ಕ ಹೇಳಿದ್ದನ್ನು ತಪ್ಪಿಸಲಾಗದು ಎಂದರಂತೆ. ಹಾಗಾದರೆ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಎಂಬುದು ನನಗೂ ಗೊತ್ತು, ಅವಳಿಗೂ ಗೊತ್ತು. ನನ್ನ ದುಂಡನಿಗೆ ಹೆಸರಿಡುತ್ತೀಯಾ ಎಂದು ಬೀದಿಯಲ್ಲಿ ನಿಂತು ಕೂಗಾಡುತ್ತಿದ್ದೆ.

ಯಜಮಾನರು ಎದ್ದು ಇದೆಲ್ಲ ಏನು ಎಂದರು. ಹೇಳಲೇಬೇಕಾಯಿತು. ಅಲ್ಲೇ ನೆಲದ ಮೇಲೆ ಕೂತು ಮೆಲ್ಲಗೆ ಹೇಳಿದೆ, ಜನ ಕತ್ತು ಬಗ್ಗಿಸಿ ಹತ್ತಿರ ಬಂದು ಕೇಳಿದರು. ದುಂಡನನ್ನು ಅವನ ಮಗಳಿಗೆ ಬಿಟ್ಟದ್ದು, ಒಂದು ಮನೆಗಲ್ಲ, ಒಂಬತ್ತು ಮನೆಗೆ. ಅಷ್ಟರಲ್ಲಿ ಬೋರಯ್ಯ ಬಂದು ಹಿಂದೆ ನಿಂತಿದ್ದ. ನಾನು ಮನೆಗಳ ಹೆಸರು ಹೇಳುತ್ತಾ ಹೋದೆ, ಒಂದೊಂದಕ್ಕೂ ಅವನ ಮುಖ ನೋಡಿದೆ. ಅವನು ಇಲ್ಲ ಎಂದು ತಲೆಯಾಡಿಸಿದರೆ ಆ ಮನೆಯ ಹೆಂಗಸು ಉಸಿರು ಬಿಡುತ್ತಿದ್ದಳು. ಚೆಲುವಿಯ ಹೆಸರಿಗೆ ಹೂಂ ಎಂದ. ಕುಂಬಾರರ ತಿಮ್ಮಕ್ಕನ ಮೊಮ್ಮಗನಿಗೆ ಹೂಂ ಎಂದ. ತಿಮ್ಮಕ್ಕ ಎದ್ದವಳೇ ಮಗುವನ್ನು ಎತ್ತಿಕೊಂಡು ಕಾಲಸದ್ದಾಗದಂತೆ ಹೊರಗೆ ನಡೆದಳು.

ಮೂರನೆಯ ಹೆಸರು ನನ್ನ ನಾಲಗೆಯ ಮೇಲೆ ಬರಲಿಲ್ಲ. ಹೊನ್ನಮ್ಮ ಬಳೆಯ ತಟ್ಟೆ ಹಿಡಿದುಕೊಂಡು ನನ್ನೆದುರಿಗೇ ನಿಂತಿದ್ದಳು. ಅವಳ ಮಗ ಮರಿಸ್ವಾಮಿ ನಾಲ್ಕು ವರ್ಷದವನು, ಹೋದ ಬೇಸಿಗೆಯಲ್ಲಿ ಬಾವಿಕಟ್ಟೆಯ ಹತ್ತಿರ ನಾಯಿ ಅಟ್ಟಿಸಿಕೊಂಡು ಬಂತೆಂದು ಓಡಿ ಬಿದ್ದವನು ಏಳಲಿಲ್ಲ. ನಾಯಿ ಕಚ್ಚಿರಲಿಲ್ಲ. ಹೆದರಿಕೆ ಜ್ವರ ಎಂದು ಊರೆಲ್ಲ ಹೇಳಿತು. ನಾನೂ ಹೇಳಿದ್ದೆ. ತಾಯಿಯಾದವಳು ಮಗುವಿಗೆ ತಾಯತ ಕಟ್ಟಿಸಬಾರದಿತ್ತೇ ಎಂದು ಅವಳ ಮನೆಯಲ್ಲೇ ಕೂತು ಅವಳನ್ನೇ ಬೈದು ಬಂದಿದ್ದೆ.

"ನಮ್ಮ ಮಗೀಗೂ ದುಂಡನೇನಾ ಅಕ್ಕ?" ಎಂದಳು.

ಹೂಂ ಎಂದೆ.

"ಅದ್ರ ಹಂದಿ ತಾಯಿಗೂ ಅವ್ನೇ ಅಪ್ಪನಾ?"

ಅದಕ್ಕೂ ಹೂಂ ಎನ್ನಬೇಕಾಯಿತು. ಬೋರಯ್ಯ ತಲೆ ತಗ್ಗಿಸಿದ. ಹೊನ್ನಮ್ಮನ ಬಾಯಿ ತೆರೆಯಿತು, ಎದೆ ಉಬ್ಬಿತು. ಈಗ ಈ ಹೆಂಗಸು ಕೂಗುತ್ತಾಳೆ, ಕೂಗಲಿ, ಅವಳಿಗೆ ಹಕ್ಕಿದೆ, ನನ್ನ ಜುಟ್ಟು ಹಿಡಿದು ಬೀದಿಗೆಳೆಯಲಿ ಎಂದುಕೊಂಡೆ. ಅವಳು ಪಕ್ಕಕ್ಕೆ ತಿರುಗಿ ಚೆಲುವಿಯನ್ನು ನೋಡಿದಳು. ತಟ್ಟೆಯನ್ನು ಬಳೆ ಅಲುಗದಂತೆ ಕೆಳಗಿಟ್ಟಳು. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು, ಗೋಡೆಗೆ ಮುಖ ಮಾಡಿ ಕುಸಿದು ಕೂತಳು. ಬೆನ್ನು ಮಾತ್ರ ಅದುರುತ್ತಿತ್ತು. ಅಷ್ಟು ಜನ ಇದ್ದ ಚಾವಡಿಯಲ್ಲಿ ಒಂದು ಕೆಮ್ಮು ಕೂಡ ಇಲ್ಲ. ಇಂಥ ದುಃಖ ಸದ್ದಿಲ್ಲದೆ ನಡೆಯುವುದನ್ನು ನಾನು ಎಂದೂ ನೋಡಿರಲಿಲ್ಲ. ನನ್ನ ಜೀವ ಅಲ್ಲೇ ಹೋಗಬಾರದಿತ್ತೇ ಅನ್ನಿಸಿತು.

ಜನ ಒಬ್ಬೊಬ್ಬರಾಗಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದರು. ತಮಟೆಯವರು ತಮಟೆಗಳನ್ನು ಟವೆಲಿನಲ್ಲಿ ಸುತ್ತಿಕೊಂಡರು. ನಾನು ಕೂತಲ್ಲೇ ಇದ್ದೆ. ಅಂಗೈಯಿಂದ ರಕ್ತ ಇಳಿದು ಹೊಸ ಸೀರೆ ಕೆಟ್ಟಿತ್ತು. ಚಿಕ್ಕಲಿಂಗ ಬಂದು ಏಳವ್ವ ಎನ್ನಲೂ ಇಲ್ಲ, ಬೈಯಲೂ ಇಲ್ಲ. ಸ್ವಲ್ಪ ದೂರದಲ್ಲಿ ಕಂಬಕ್ಕೆ ಒರಗಿ ನಿಂತುಕೊಂಡ. ತಲೆಯೆತ್ತಿ ನೋಡಿದರೆ ಚೆಲುವಿ ಮಾವನ ತೊಡೆಯಿಂದ ಇಳಿದು ಒಂದು ಮಾರು ದೂರದಲ್ಲಿ ನಿಂತಿದ್ದಳು. ಐದು ವರ್ಷದ ಮೇಲೆ ಅಷ್ಟು ಹತ್ತಿರದಿಂದ ನೋಡಿದೆ. ಮೂಗು ಥೇಟ್ ನನ್ನದೇ. ಕಿವಿಯ ಹತ್ತಿಯನ್ನು ತಾನೇ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು. ನನ್ನ ಅಂಗೈಯ ರಕ್ತ ನೋಡಿದಳು, ನನ್ನ ಮುಖ ನೋಡಿದಳು.

"ಯಾರವ್ವ ಇವ್ರು?" ಎಂದು ಕೇಳಿದಳು.

ದೇವೀರಿ ಮಗಳ ಹೆಗಲ ಮೇಲೆ ಕೈಯಿಟ್ಟಳು. ಆಮೇಲೆ, "ನಿಮ್ಮಜ್ಜಿ ಕಣ್ ಮಗ," ಎಂದಳು.

ಹುಡುಗಿ ನಂಬಲಿಲ್ಲ. ಅವ್ವನ ಸೆರಗು ಹಿಡಿದುಕೊಂಡು ನನ್ನನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಇವ್ರು ಕೂಗಲ್ವಲ್ಲ," ಎಂದಳು.

ಇಲ್ಲ ಎಂದು ತಲೆಯಾಡಿಸಿದೆ. ಬಾಯಿ ತೆರೆಯಲು ನನಗೆ ಧೈರ್ಯ ಬರಲಿಲ್ಲ.